ಬೀರುವಿನೊಳಗಿನ ಬ್ಯಾಟರಿ

ಮಗಳ ಓದಿಗೆಂದು ಕೊಂಡ ಲ್ಯಾಪ್‌ಟಾಪನ್ನು ಪರೀಕ್ಷೆ ಮುಗಿದೊಡನೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡುವ ಮನೆಗಳುಂಟು. ಆರು ತಿಂಗಳ ಮೇಲೆ ಹೊರತೆಗೆದಾಗ ಅದು ಕಣ್ಣು ಬಿಡದಿದ್ದರೆ, ಅಂಗಡಿಯವನು ಮೋಸಮಾಡಿದನೆಂಬ ಮಾತು ಮೊದಲು ಹೊರಡುತ್ತದೆ. ಪಾಪ, ಅನೇಕ ವೇಳೆ ಅವನದೇನೂ ತಪ್ಪಿರದು.

ಸೋನಿ ಸಂಸ್ಥೆಯು 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಯ ಜಾತಿಯೇ ಇಂದಿನ ಲ್ಯಾಪ್‌ಟಾಪುಗಳಲ್ಲಿಯೂ ಇರುವುದು. ಸುಮ್ಮನಿದ್ದರೂ ಅದರೊಳಗಿನ ರಾಸಾಯನಿಕ ಕ್ರಿಯೆ ಪೂರ್ತಿ ನಿಲ್ಲದು. ತುಂಬಿದ ವಿದ್ಯುತ್ತು ತಿಂಗಳಿಗೆ ನೂರಕ್ಕೆ ಕೆಲವು ಪಾಲಿನಂತೆ ಸೋರುತ್ತದೆ. ಮುಚ್ಚಳ ಮುಚ್ಚಿದೊಡನೆ ಯಂತ್ರ ಆರಿತೆಂದು ತಿಳಿಯುವುದೂ ತಪ್ಪೇ. ಸಾಮಾನ್ಯವಾಗಿ ಅದು ನಿದ್ರೆಗೆ ಜಾರಿರುತ್ತದೆ, ಅಷ್ಟೆ. ಮೆಮೊರಿಯನ್ನು ಎಚ್ಚರವಾಗಿಡಲು ವಿದ್ಯುತ್ತು ವ್ಯಯವಾಗುತ್ತಲೇ ಇರುತ್ತದೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ವೋಲ್ಟೇಜು ತೀರ ಕುಸಿದು, ಒಳಗಿನ ಕಾವಲು ಸರ್ಕ್ಯೂಟು ಅದನ್ನು ಮತ್ತೆ ಚಾರ್ಜು ಮಾಡಗೊಡದು. ಹಾಗೆಂದು ಭರ್ತಿ ತುಂಬಿಸಿಡುವುದೂ ಜಾಣತನವಲ್ಲ. ತುಂಬಿದ ಬ್ಯಾಟರಿ ಸೆಕೆಯಲ್ಲಿ ಬೇಗನೆ ಮುಪ್ಪಾಗುತ್ತದೆ.

ಅರ್ಧದಷ್ಟು ತುಂಬಿಸಿ, ಯಂತ್ರವನ್ನು ಪೂರ್ಣ ಆರಿಸಿ, ತಂಪಾದೆಡೆಯಲ್ಲಿಟ್ಟು, ಆರು ತಿಂಗಳಿಗೊಮ್ಮೆ ಮತ್ತೆ ಅರ್ಧಕ್ಕೆ ತರುವುದು ಸರಿಯಾದ ಕ್ರಮ. ದಿನಬಳಕೆಯ ಖರ್ಚಿನಲ್ಲಿ ಪರದೆಯ ಬೆಳಕಿನದು ದೊಡ್ಡ ಪಾಲು. ಹಾಸಿಗೆಯ ಮೇಲಿಟ್ಟು ಗಾಳಿಕಂಡಿ ಮುಚ್ಚಿದರೆ ಫ್ಯಾನಿನದೂ ಒಂದು ಪಾಲು ಸೇರುತ್ತದೆ.