ದೇವರಿಗೆ ಗಿಟಾರು ಆಗಿಬರುವುದಿಲ್ಲವೇ?

ಮೊನ್ನೆ ಭಾನುವಾರ ನಮ್ಮ ಡೊಂಬಿವಲಿಯ ಬಿಲ್ಡಿಂಗಿನ ಗೇಟಿನ ಹತ್ತಿರ ಹಿರಿಯರೊಬ್ಬರು ಸಿಕ್ಕಿದರು. ನಮ್ಮ ಬಂಟ್ವಾಳ ಕಡೆಯ ಪೊರ್ಬುಗಳು. ಆಗಷ್ಟೇ ಪೂಜೆ ಮುಗಿಸಿ ಬಂದಿದ್ದರು, ಮುಖ ಮಾತ್ರ ಕೆಂಪು. "ಇಗರ್ಜಿಯಲ್ಲಿ ಡ್ರಮ್ಮು, ಗಿಟಾರು! ಅದು ಪ್ರಾರ್ಥನೆಯಾ ಮಾರಾಯ್ರೆ? ಆರ್ಕೆಸ್ಟ್ರಾ! ಅದೂ ನೆಟ್ಟಗೆ ಬಾರಿಸಲಿಕ್ಕೆ ಬರುವುದಿಲ್ಲ." ಪಕ್ಕದಲ್ಲಿದ್ದ ನಮ್ಮ ಭಜನಾ ಮಂಡಳಿಯವರೂ ಹೌದೌದು ಎಂದು ತಲೆಯಾಡಿಸಿದರು. ನಾನು ಆಡಿಸಲಿಲ್ಲ. ಗೇಟಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮಂಡಳಿಯವರಿಗೆ ಒಂದು ಮಾತು. ನಿಮ್ಮ ಮುಂದಿರುವ ಹಾರ್ಮೋನಿಯಂ ಯಾವ ಪುರಾಣದಲ್ಲಿದೆ ಸ್ವಾಮಿ? 1840ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಹುಟ್ಟಿದ ಪೆಟ್ಟಿಗೆ ಅದು. "ಇದು ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ" ಎಂದು ಆಕಾಶವಾಣಿಯೇ 1940ರಿಂದ ಮೂವತ್ತು ವರ್ಷ ಅದನ್ನು ಹೊರಗಿಟ್ಟಿತ್ತು. ಈಗ ಅದಿಲ್ಲದೆ ಭಜನೆ ಶುರುವಾಗುವುದೇ ಇಲ್ಲ!

ಇನ್ನು ಪೊರ್ಬುಗಳಿಗೆ. ಕನ್ನಡ ಬೈಬಲಿನಲ್ಲಿ 'ಕೀರ್ತನೆಗಳು' ಎಂಬ ಭಾಗವಿದೆಯಲ್ಲ, ಅದರ 150ನೆಯದನ್ನು ತೆಗೆದು ಓದಿ. ತಂತಿವಾದ್ಯ, ದಮ್ಮಡಿ, ತಾಳ, ಕುಣಿತ ಎಲ್ಲ ಅಲ್ಲೇ ಇವೆ. ಚೆನ್ನಾಗಿ ಬಾರಿಸಲು ಬರುವವರಿಗೆ ಮಾತ್ರ ಎಂದು ಎಲ್ಲೂ ಬರೆದಿಲ್ಲ.

ಜಗಳವೇನೂ ಹೊಸದಲ್ಲ. 1964ರಲ್ಲಿ ಇಂಗ್ಲೆಂಡಿನ ಸಾಲ್ವೇಶನ್ ಆರ್ಮಿಯ ಹುಡುಗ ಹುಡುಗಿಯರು ಯೂನಿಫಾರ್ಮ್ ಹಾಕಿಕೊಂಡೇ ಗಿಟಾರು ಹಿಡಿದರು. 'ಜಾಯ್‌ಸ್ಟ್ರಿಂಗ್ಸ್' ಅಂತ ಹೆಸರು. ಅವರ ಹಾಡು ಅಲ್ಲಿನ ಪಾಪ್ ಪಟ್ಟಿಗೂ ಏರಿತು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಮುಗಿಯಿತು. ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಇಳಿಯಿತು, ಜನರ ವಾದ್ಯಗಳೂ ಹಿಂದೆಯೇ ಬಂದವು. 1966ರಲ್ಲಿ ಅಮೆರಿಕದ 'ಕ್ರುಸೇಡರ್ಸ್' ಎಂಬ ತಂಡ ಡ್ರಮ್ಮು ಗಿಟಾರುಗಳನ್ನು ಹೆಸರಿನಲ್ಲೇ ಇಟ್ಟುಕೊಂಡು ಒಂದು ಭಕ್ತಿಯ ಎಲ್ಪಿ ತಂದಿತು. ಲ್ಯಾರಿ ನಾರ್ಮನ್ನನ 'ಅಪಾನ್ ದಿಸ್ ರಾಕ್' ಬಂದದ್ದು 1969ರಲ್ಲಿ.

ಆ ಕಾಲದ ಇಂಥ ತಂಡಗಳ ಸದ್ದಿಗೆ 'ಗ್ಯಾರೇಜ್' ಎನ್ನುತ್ತಾರೆ. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಪ್ರಾಕ್ಟೀಸು, ಅಗ್ಗದ ಗಿಟಾರು, ಮೂರು ಕಾರ್ಡು, ಒಂದೋ ಎರಡೋ ಮೈಕು. ಸಣ್ಣ ಆಂಪ್ಲಿಫೈಯರನ್ನು ಅದರ ತಾಕತ್ತಿಗಿಂತ ಜೋರು ಮಾಡಿದರೆ ಸ್ವರ ಒಡೆದು ಗರಗರ ಎನ್ನುತ್ತದೆ. ಆ ಗರಗರವೇ ಅದರ ಗುರುತು. ದುಡ್ಡಿಲ್ಲ, ಆದರೆ ಹಾಡದೆ ಇರಲಾಗದು, ಅಷ್ಟೇ ಅದರ ಗುಟ್ಟು. ನಮ್ಮಲ್ಲೂ ಇತ್ತು ಬಿಡಿ. ಸಿಗರೇಟು ಕಂಪನಿಯೊಂದು ನಡೆಸಿದ ಸಿಮ್ಲಾ ಬೀಟ್ ಸ್ಪರ್ಧೆಯಿಂದ 1970, 71ರಲ್ಲಿ ಎರಡು ಎಲ್ಪಿ ಬಂದವು. ಭಕ್ತಿಯ ಹಾಡುಗಳಲ್ಲ, ಸದ್ದು ಮಾತ್ರ ಅದೇ ಜಾತಿ.

ಆ ಸದ್ದಿಗೆ ನಯ ಕೊಡಲು ಹೋದಾಗ ಏನಾಯಿತು ಗೊತ್ತೇ? 1968ರಲ್ಲಿ 'ಎಲೆಕ್ಟ್ರಿಕ್ ಪ್ರೂನ್ಸ್' ಎಂಬ ಗ್ಯಾರೇಜ್ ತಂಡದ ಹೆಸರಿನಲ್ಲಿ ಲ್ಯಾಟಿನ್ ಪೂಜೆಯನ್ನೇ ರಾಕ್ ಮಾಡಿದರು. ಸಂಗೀತ ಬರೆದವರು ಡೇವಿಡ್ ಆಕ್ಸೆಲ್‌ರಾಡ್, ದೊಡ್ಡ ಪಂಡಿತರು. ಆ ಸ್ವರಲಿಪಿಯ ವೇಗಕ್ಕೆ ಹುಡುಗರಿಗೆ ಏಗಲಾಗಲಿಲ್ಲ. ಬೇರೆ ವಾದಕರನ್ನು ಕರೆಸಿ ಮುಗಿಸಿದರು. ತಂಡದ ಹೆಸರು ಉಳಿಯಿತು, ಹುಡುಗರು ಬದಿಗೆ ಸರಿದರು.

ನನ್ನ ಭಯ ಇದೇ. ಇಗರ್ಜಿಯ ಹುಡುಗರ ಗಿಟಾರು ಬೇಡ ಎನ್ನುವವರು ಅದರ ಬದಲಿಗೆ ಕೇಳುತ್ತಿರುವುದು ಮೌನವನ್ನಲ್ಲ, ರೆಡಿಮೇಡ್ ಟ್ರ್ಯಾಕನ್ನು. ಫೋನಿನಲ್ಲಿ ಒತ್ತಿದರೆ ವಯಲಿನ್ನು, ಕೊಳಲು, ಗಂಟೆ ಎಲ್ಲ ಬರುತ್ತದೆ, ತಪ್ಪೇ ಇಲ್ಲ. ನಮ್ಮ ಮಂಡಳಿಗೂ ಅದು ಬಂದಾಗಿದೆ. ಮೂವತ್ತು ವರ್ಷ ತಾಳ ಹಾಕಿದ ಹಿರಿಯರೊಬ್ಬರು ಈಗ ಸುಮ್ಮನೆ ಹಿಂದೆ ಕೂರುತ್ತಾರೆ. ಅವರ ತಾಳ ಟ್ರ್ಯಾಕಿಗೆ ಹೊಂದುವುದಿಲ್ಲವಂತೆ!

ಕಲ್ಯಾಣದಿಂದ ಹೊರಡುವ ಲೋಕಲಿನಲ್ಲಿ ನಿಂತುಕೊಂಡೇ ಭಜನೆ ಮಾಡಿದವರು ನಾವು. ಒಂದು ಜೊತೆ ತಾಳ, ಉಳಿದದ್ದು ಡಬ್ಬಿಯ ತಗಡು. ಠಾಣೆ ದಾಟುವಾಗ ಇಡೀ ಡಬ್ಬಿ ಒಂದೇ ಕಂಠ. ಅದು ಗ್ಯಾರೇಜ್ ಅಲ್ಲದೆ ಮತ್ತೇನು? ಶ್ರುತಿ ಇತ್ತೇ ಎಂದು ಯಾರಾದರೂ ಕೇಳಿದರೇ?

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. 1987ರ ಡಿಸೆಂಬರ್. ಮೇಲಿನ ಮಾಳಿಗೆಯಲ್ಲಿ ಮೂವರು ಹುಡುಗರು ಕ್ರಿಸ್ಮಸ್ಸಿಗೆಂದು ಪ್ರಾಕ್ಟೀಸು ಮಾಡುತ್ತಿದ್ದರು. ಗಣಪತಿ ಪೆಂಡಾಲಿನ ಹಳೇ ಆಂಪ್ಲಿಫೈಯರಿಗೆ ಗಿಟಾರು ಸಿಕ್ಕಿಸಿದ್ದರು. ಸೊಸೈಟಿಗೆ ಆಗ ನಾನೇ ಸೆಕ್ರೆಟರಿ. ನೋಟೀಸು ಕೊಟ್ಟೆ. ಒಬ್ಬನ ತಾಯಿ ಕೆಳಗೆ ಬಂದು, "ಮಕ್ಕಳು ದೇವರ ಪದವನ್ನೇ ಹಾಡುವುದಲ್ಲವಾ ರಾಯರೇ" ಎಂದರು. ನಿಯಮ ಎಂದರೆ ನಿಯಮ ಬಾಯಿ, ಎಂದೆ. ಮರುದಿನದಿಂದ ಸದ್ದು ನಿಂತಿತು. ಆ ಹುಡುಗರು ಮತ್ತೆ ಬಾರಿಸಿದ್ದು ನಾನು ಕೇಳಲಿಲ್ಲ. ಇಬ್ಬರು ಗಲ್ಫಿಗೆ ಹೋದರು.

2019ರ ಡಿಸೆಂಬರಿನಲ್ಲಿ ನೆರೂಲಿನ ಸ್ಟೇಡಿಯಮ್ಮಿಗೆ 'ಯು2' ಬಂದಾಗ ಸಾವಿರಾರು ರೂಪಾಯಿ ಕೊಟ್ಟು ಜನ ಹೋದರು, ನನ್ನ ಮಗನೂ ಹೋದ. ಅವರೂ 40ನೇ ಕೀರ್ತನೆಯನ್ನು 1983ರಲ್ಲಿ ರಾಕ್ ಹಾಡು ಮಾಡಿದವರೇ. ದೂರದವರು ಬಾರಿಸಿದರೆ ಟಿಕೆಟು, ಮೇಲಿನ ಮನೆಯವರು ಬಾರಿಸಿದರೆ ನೋಟೀಸು!

ಇಂಪಾಗಿ ಹಾಡುವವರನ್ನು ಕೇಳಲು ಸಭಾಗೃಹಗಳಿವೆ, ಹೋಗೋಣ. ಪ್ರಾರ್ಥನೆಯ ಜಾಗದಲ್ಲಿ ಮಾತ್ರ ಹುಡುಗರು ತಪ್ಪು ಕಾರ್ಡು ಹಿಡಿಯಲಿ, ಮುದುಕರು ತಪ್ಪು ತಾಳ ಹಾಕಲಿ. ಮುಂದಿನ ಗುರುವಾರದ ಭಜನೆಗೆ ಆ ಹಿರಿಯರ ಕೈಗೆ ತಾಳ ಕೊಟ್ಟು ಫೋನು ಆರಿಸಬೇಕು ಎಂದಿದ್ದೇನೆ. ಬೈಯುವವರು ಬೈಯಲಿ.

ನಿಮ್ಮ ಮಂಡಳಿಯಲ್ಲಿ ಹಿಂದೆ ಕೂತವರು ಯಾರು? ಒಮ್ಮೆ ತಿರುಗಿ ನೋಡಿ.