ಡಿಜೆಗೂ ಒಂದು ಶ್ರುತಿ ಇರಲಿ

ಗಣೇಶ ವಿಸರ್ಜನೆಯ ವರದಿಯಲ್ಲಿ ನಾನು ಪ್ರತಿ ವರ್ಷ ಬರೆಯುವ ಒಂದು ಸಾಲಿದೆ: 'ಕಿವಿಗಡಚಿಕ್ಕುವ ಡಿಜೆ ಸದ್ದಿಗೆ ಯುವಕರು ಹೆಜ್ಜೆ ಹಾಕಿದರು.' ಡೆಸ್ಕಿನವರೂ ಅದನ್ನು ಮುಟ್ಟುವುದಿಲ್ಲ. ಸದ್ದು ಎಷ್ಟಿತ್ತು ಅಂತ ಬರೆದಿದ್ದೇನೆ. ಹಾಡನ್ನು ಹುಡುಗ ಹೇಗೆ ಕೂಡಿಸಿದ ಅಂತ ಒಮ್ಮೆಯೂ ಬರೆದಿಲ್ಲ.

ಕಳೆದ ಸಲ ಮೆರವಣಿಗೆಯಲ್ಲಿ ನಮ್ಮೂರ ಭಜನಾ ಮಂಡಳಿಯ ಹಾರ್ಮೋನಿಯಂ ಮಾಸ್ತರರು ಪಕ್ಕದಲ್ಲಿ ನಿಂತಿದ್ದರು. ಒಂದು ಜನಪದ ರಿಮಿಕ್ಸ್ ಮುಗಿಯುವ ಮುಂಚೆಯೇ ಹುಡುಗ ಇನ್ನೊಂದನ್ನು ಎತ್ತಿದ. ಬೀಟಿಗೆ ಬೀಟು ಸರಿಯಾಗಿಯೇ ಕೂತಿತು. ಆದರೂ ಮಾಸ್ತರರು ಮುಖ ಕಿವುಚಿದರು. ಅವರ ತಕರಾರು ಸದ್ದಿನ ಮೇಲಲ್ಲ. ಒಂದು ಹಾಡು ಕರಿ ಒಂದರಲ್ಲಿ, ಇನ್ನೊಂದು ಬಿಳಿ ಎರಡರಲ್ಲಿ; ಒಟ್ಟಿಗೆ ಬಿಟ್ಟರೆ ಜಗಳ ಆಗದೆ ಇನ್ನೇನು ಅಂದರು.

ಈ ಜಗಳ ತಪ್ಪಿಸುವ ವಿದ್ಯೆಗೇ ಡಿಜೆಗಳು ಹಾರ್ಮೋನಿಕ್ ಮಿಕ್ಸಿಂಗ್ ಅನ್ನುತ್ತಾರೆ. ಅದಕ್ಕೆ ಕ್ಯಾಮೆಲಾಟ್ ಚಕ್ರ ಅಂತ ಒಂದು ಸುಲಭದ ನಕ್ಷೆಯಿದೆ. ಗಡಿಯಾರದ ಹಾಗೆ 1ರಿಂದ 12ರವರೆಗೆ ಅಂಕಿ. ಎ ಅಂದರೆ ಮೈನರ್, ಬಿ ಅಂದರೆ ಮೇಜರ್. ಹಾಡು 8ಎ, ಅಂದರೆ ಬಿಳಿ ಆರರ ಮೈನರ್‌ನಲ್ಲಿದ್ದರೆ, ಮುಂದಿನದು 8ಎ, 7ಎ, 9ಎ ಅಥವಾ 8ಬಿ ಆಗಿದ್ದರೆ ಸಲೀಸಾಗಿ ಸೇರುತ್ತದೆ. ಕಾರಣವೂ ಸರಳ. ಪಕ್ಕದ ಅಂಕಿಗಳ ಏಳು ಸ್ವರಗಳಲ್ಲಿ ಆರು ಒಂದೇ. 8ಎ ಮತ್ತು 8ಬಿ ನಡುವೆ ಏಳೂ ಒಂದೇ.

ನಮ್ಮ ಹುಡುಗರು ಎಡವುವುದು ವೇಗದಲ್ಲಿ. 100 ಬಿಪಿಎಂ ಹಾಡನ್ನು ಕುಣಿತಕ್ಕಾಗಿ 106ಕ್ಕೆ ಏರಿಸಿದರೆ, ಕೀ ಲಾಕ್ ಗುಂಡಿ ಒತ್ತದಿದ್ದಲ್ಲಿ ಶ್ರುತಿಯೂ ಹೆಚ್ಚುಕಡಿಮೆ ಅರ್ಧ ಸ್ವರ ಮೇಲೇರುತ್ತದೆ. 8ಎ ಇದ್ದದ್ದು 3ಎ ಆಗಿ ಚಕ್ರದ ಆಚೆ ಬದಿಗೆ ಹಾರಿರುತ್ತದೆ. ಹಾಗಂತ ಕೀ ಲಾಕ್ ಹಾಕಿ ವಿಪರೀತ ಎಳೆದರೆ ಹಾಡುವವರ ದನಿ ಒಡೆದು ಕೇಳಿಸುತ್ತದೆ.

ಮಿಕ್ಸ್ಎಕ್ಸ್ ಎಂಬ ಉಚಿತ ತಂತ್ರಾಂಶವೇ ಹಾಡಿನ ಕೀ ಹುಡುಕಿಕೊಡುತ್ತದೆ. ಆದರೆ ಇಂಥ ತಂತ್ರಾಂಶಗಳು ನೋಡುವುದು 24 ಮನೆಗಳನ್ನು ಮಾತ್ರ. ಮೋಹನದಂತೆ ಐದೇ ಸ್ವರದ ಧಾಟಿ ಸಿಕ್ಕರೆ ಅವೂ ಗಲಿಬಿಲಿಗೊಳ್ಳಬಹುದು, ಏಕೆಂದರೆ ಆ ಐದು ಸ್ವರ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಸಿಗುತ್ತವೆ. ಆಗ ಷಡ್ಜ ಎಲ್ಲಿದೆ ಅಂತ ಕಿವಿಯೇ ಹೇಳಬೇಕು. ಯಾವ ದಾರಿಯೂ ಸಿಗದಿದ್ದರೆ ನಡುವೆ 16 ಬೀಟು ಬರೀ ಹಲಗೆ, ಡೊಳ್ಳು ಬಿಟ್ಟು ದಾಟಬಹುದು.

ಕುಣಿಯುವವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ ಅಂತ ಕೇಳಬಹುದು. ಹೆಸರು ಗೊತ್ತಿರಬೇಕಿಲ್ಲ. ಹಾಡು ಬದಲಾದಾಗ ಗುಂಪು ಒಂದು ಕ್ಷಣ ತಣ್ಣಗಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಗ ಹುಡುಗನ ಕೈ ಹೋಗುವುದು ವಾಲ್ಯೂಮಿಗೆ. ಶ್ರುತಿ ತಪ್ಪಿದ್ದನ್ನು ಸದ್ದಿನಿಂದ ಮುಚ್ಚುವುದೇ ರೂಢಿಯಾಗಿದೆ.

ತಪ್ಪು ಅವನೊಬ್ಬನದಲ್ಲ. ಕರೆಸುವವರು ಕೇಳುವುದು ಎಷ್ಟು ಬಾಕ್ಸ್, ಎಷ್ಟು ಬೇಸ್ ಅಂತ. ಸಾಲ ಮಾಡಿ ಬಾಕ್ಸ್ ಕೊಂಡವನು ಮುಂದಿನ ವರ್ಷ ಇನ್ನೆರಡು ಕೊಳ್ಳಬೇಕು. ಅತ್ತ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಸದ್ದನ್ನೇ ನಂಬಿದ ಕಸುಬಿಗೆ ಪೊಲೀಸರ ಒಂದು ಆದೇಶ ಸಾಕು ನಿಲ್ಲಲು. ಕೈಚಳಕ ನಂಬಿದವನಿಗೆ ಮದುವೆ ಮನೆಯಲ್ಲೂ ಸ್ಟುಡಿಯೋದಲ್ಲೂ ಕೆಲಸ ಸಿಗಬಹುದು.

ಆ ಹುಡುಗನ ಲ್ಯಾಪ್‌ಟಾಪ್ ಪಕ್ಕ ಮಾಸ್ತರರ ಹಾರ್ಮೋನಿಯಂ ಒಂದು ಸಂಜೆ ಕೂತರೆ ಇಬ್ಬರಿಗೂ ನಷ್ಟವಿಲ್ಲ. ಮಾತಾಡಿಸಿ ನೋಡುತ್ತೇನೆ. ನೀವೂ ನಿಮ್ಮ ತಾಲ್ಲೂಕಿನಲ್ಲಿ ಮುಂದಿನ ಮೆರವಣಿಗೆಯ ವರದಿ ಬರೆಯುವಾಗ ಡಿಜೆ ಹುಡುಗನ ಹತ್ತಿರ ಹೋಗಿ, ಎರಡು ಹಾಡನ್ನು ಹೇಗೆ ಸೇರಿಸಿದೆ ಅಂತ ಕೇಳಿ. ಬಹುಶಃ ಅವನನ್ನು ಆ ಪ್ರಶ್ನೆ ಯಾರೂ ಕೇಳಿರುವುದಿಲ್ಲ.