ಲೋಕವಾರ್ತೆ: ಹಳೆಯ ಸುರಂಗಕ್ಕೆ ಹೊಸ ಗಾಡಿ

ಹಿರಿಯರು ಕಟ್ಟಿಸಿದ ಮನೆಯಲ್ಲಿ ಸಂಸಾರ ಸಾಗಿಸುವವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಹೊಸದೊಂದು ಬೀರುವನ್ನು ತರಬೇಕಾದರೆ ಮೊದಲು ಅಂಗಡಿಗೆ ಹೋಗಿ ಅದರ ಚೆಲುವನ್ನು ನೋಡಿ ಫಲವಿಲ್ಲ. ಮನೆಯ ಬಾಗಿಲನ್ನು ಅಳೆದುಕೊಂಡು ಹೊರಡಬೇಕು. ಬಾಗಿಲು ಗಿಡ್ಡ, ನಡುಮನೆ ಕಿರಿದು. ಆದರೂ ಗೋಡೆ ಗಟ್ಟಿ, ಕೆಡಹಲು ಮನಸ್ಸು ಬಾರದು. ಜಪಾನ್ ದೇಶದ ರಾಜಧಾನಿಯಾದ ಟೋಕಿಯೋ ಪಟ್ಟಣದವರಿಗೂ ಇಂತಹದೇ ಇಕ್ಕಟ್ಟು ಒದಗಿತ್ತು. ಅದರಿಂದ ಅವರು ಪಾರಾದ ಬಗೆಯೇ ಈ ತಿಂಗಳ ನಮ್ಮ ವಿಷಯ.

ಆ ಪಟ್ಟಣದ ಗಿನ್ಜಾ ಮಾರ್ಗವು ಏಷ್ಯಾ ಖಂಡದಲ್ಲಿಯೇ ಮೊದಲನೆಯ ನೆಲದೊಳಗಿನ ರೈಲುಮಾರ್ಗ. ಇದನ್ನು ಕಟ್ಟಿದವರು ಹಯಕಾವಾ ನೊರಿತ್ಸುಗು ಎಂಬವರು. ಇವರು ಲಂಡನ್ ನಗರದ ಸುರಂಗದ ಗಾಡಿಗಳನ್ನು ಕಂಡು ಬೆರಗಾಗಿ, ತಮ್ಮ ಊರಿಗೂ ಅಂತಹದು ಬೇಕೆಂದು ಹಟ ತೊಟ್ಟರು. ಕೇಳಿದವರು ನಕ್ಕರು. ಆಗ ಇವರು ಜೇಬಿನಲ್ಲಿ ಕಾಳುಗಳನ್ನು ತುಂಬಿಕೊಂಡು ಬೀದಿಯ ಮೂಲೆಗಳಲ್ಲಿ ನಿಂತು, ಹೋಗಿಬರುವ ಜನರನ್ನೂ ವಾಹನಗಳನ್ನೂ ಒಂದೊಂದು ಕಾಳಿನಿಂದ ಎಣಿಸಿ ಲೆಕ್ಕವಿಟ್ಟರೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. 1923ನೆಯ ಇಸವಿಯ ಮಹಾಭೂಕಂಪವು ಪಟ್ಟಣವನ್ನು ಹಾಳುಗೆಡಹಿದರೂ ಇವರ ಸಂಕಲ್ಪ ಅಳಿಯಲಿಲ್ಲ. 1925ರಲ್ಲಿ ಅಗೆತ ಆರಂಭವಾಯಿತು. 1927ನೆಯ ಇಸವಿಯ ಡಿಸೆಂಬರ್ 30ರಂದು ಅಸಾಕುಸಾದಿಂದ ಉಯೆನೋವರೆಗೆ 2.2 ಕಿಲೋಮೀಟರ್ ದಾರಿ ತೆರೆಯಿತು. ಹತ್ತು ಸೆನ್ನಿನ ನಾಣ್ಯವನ್ನು ಹಾಕಿದರೆ ತಿರುಗುವ ಅಡ್ಡಗಟ್ಟನ್ನು ದಾಟಿ ಜನರು ಗಾಡಿಯೇರುತ್ತಿದ್ದರು.

ಆ ಮೊದಲ ಗಾಡಿಗಳ ವಿಚಾರವಾಗಿ ಒಂದು ಮಾತನ್ನು ಹೇಳಲೇಬೇಕು. ನೆಲದೊಳಗೆ ಎಲ್ಲಕ್ಕಿಂತಲೂ ಭಯಂಕರವಾದುದು ಬೆಂಕಿ. 1903ರಲ್ಲಿ ಪ್ಯಾರಿಸ್ ನಗರದ ಸುರಂಗಮಾರ್ಗದಲ್ಲಿ ಮರದ ಡಬ್ಬಿಗಳಿಗೆ ಬೆಂಕಿ ಹತ್ತಿ 84 ಮಂದಿ ಮಡಿದರು. ಆದಕಾರಣ ಟೋಕಿಯೋದ ಗಾಡಿಯನ್ನು ಒಳಗೂ ಹೊರಗೂ ಉಕ್ಕಿನಿಂದಲೇ ಮಾಡಿದರು. ಆದರೆ ಬರಿಯ ಉಕ್ಕಿನ ಪೆಟ್ಟಿಗೆಯಲ್ಲಿ ಕುಳಿತುಕೊಳ್ಳಲು ಜನರ ಮನಸ್ಸು ಒಗ್ಗದೆಂದು ಬಗೆದು, ಒಳಗೋಡೆಗಳ ಮೇಲೆ ಮರದ ಎಳೆಗಳಂತೆ ಬಣ್ಣ ಬಳಿದರು. ಕತ್ತಲೆಯಲ್ಲಿಯೂ ಎದ್ದು ಕಾಣುವಂತೆ ಹೊರಮೈಗೆ ಹಳದಿ ಬಣ್ಣ ಕೊಟ್ಟರು. ಗಾಡಿ ನಡೆಸುವವನು ಕೆಂಪು ದೀಪವನ್ನು ಮೀರಿದನಾದರೆ, ಹಳಿಯ ಪಕ್ಕದ ಒಂದು ಕೈ ಮೇಲೆದ್ದು ತಗುಲಿ ಗಾಡಿಯನ್ನು ತಾನಾಗಿಯೇ ನಿಲ್ಲಿಸುತ್ತಿತ್ತು.

ಈಗ ಇಕ್ಕಟ್ಟಿನ ಮಾತು. ಈ ಮಾರ್ಗದ ಗಾಡಿಗೆ ವಿದ್ಯುಚ್ಛಕ್ತಿಯು ತಲೆಯ ಮೇಲಿನ ತಂತಿಯಿಂದ ಬರುವುದಿಲ್ಲ. ಹಳಿಗಳ ಪಕ್ಕದಲ್ಲಿರುವ ಮೂರನೆಯ ಕಂಬಿಯೊಂದರಿಂದ ಬರುತ್ತದೆ. ನಮ್ಮ ಬೆಂಗಳೂರಿನಲ್ಲಿ 2011ರಲ್ಲಿ ಓಡತೊಡಗಿದ ಮೆಟ್ರೋ ಗಾಡಿಗಳಿಗೂ ಇಂತಹ ಕಂಬಿಯೇ ಶಕ್ತಿದಾಯಕ. ನಮ್ಮಲ್ಲಿ 750 ವೋಲ್ಟು, ಗಿನ್ಜಾದಲ್ಲಿ 600. ಮೇಲೆ ತಂತಿಯಿಲ್ಲದುದರಿಂದ ಸುರಂಗವನ್ನು ಗಿಡ್ಡವಾಗಿ ಅಗೆದು ಹಣ ಉಳಿಸಿದರು. ಆ ಉಳಿತಾಯದ ಬೆಲೆಯನ್ನು ಮುಂದಿನವರು ತೆತ್ತರು. ಡಬ್ಬಿಯ ಉದ್ದ ಸುಮಾರು 16 ಮೀಟರ್, ಗಾಡಿಗೆ ಡಬ್ಬಿಗಳು ಆರು ಮಾತ್ರ. ಬೀದಿಗಳ ಜಾಡನ್ನೇ ಹಿಡಿದು ಅಗೆದ ಸುರಂಗವಾದುದರಿಂದ ತಿರುವುಗಳು ಬಹಳ ಕಡಿದು. ಅಲ್ಲಿ ಚಕ್ರಗಳು ಹಳಿಗೆ ಉಜ್ಜಿ ಕಿವಿಗಡಚಿಕ್ಕುವಂತೆ ಕಿರಿಚುತ್ತಿದ್ದುವು. ಛಾವಣಿಯ ಮೇಲೆ ಎಡೆಯಿಲ್ಲದೆ ತಂಪುಯಂತ್ರವನ್ನು ಕೂಡಿಸಲಾಗದೆ, ಬಹುಕಾಲ ಗಾಡಿಗೆ ಬದಲಾಗಿ ಸುರಂಗವನ್ನೂ ನಿಲ್ದಾಣಗಳನ್ನೂ ತಂಪುಮಾಡಿ ನೋಡಿದರು! ಮೂರನೆಯ ಕಂಬಿಯು ಕಡಿದಿರುವೆಡೆಗಳಲ್ಲಿ ಹಳೆಯ ಗಾಡಿಗಳ ದೀಪಗಳು ಕ್ಷಣಕಾಲ ಆರಿ, ಗೋಡೆಯ ಸಣ್ಣದೊಂದು ದೀಪ ಮಿಣುಕಿ, ಮತ್ತೆ ಬೆಳಕಾಗುತ್ತಿತ್ತು.

ಸುರಂಗವನ್ನು ಅಗಲಿಸೋಣವೆಂದರೆ ಮೇಲೆ ಪಟ್ಟಣವೇ ನಿಂತಿದೆ. ಆದುದರಿಂದ ಗಾಡಿಯನ್ನೇ ತಿದ್ದಬೇಕಾಯಿತು. 2012ನೆಯ ಇಸವಿಯ ಏಪ್ರಿಲ್ 11ರಂದು ಓಡಲಾರಂಭಿಸಿದ ಹೊಸ ಗಾಡಿಯು ಅಂತಹ ತಿದ್ದುಪಾಟಿನ ಫಲ. ಸಾಧಾರಣವಾಗಿ ಡಬ್ಬಿಯ ಕೆಳಗೆ ಎರಡೆರಡು ಅಚ್ಚುಗಳು ಒಂದು ಚೌಕಟ್ಟಿನಲ್ಲಿ ಬಿಗಿಯಾಗಿ ಸಮಾನಾಂತರವಾಗಿರುತ್ತವೆ. ತಿರುವಿನಲ್ಲಿ ಅವು ಹಳಿಯನ್ನು ಒತ್ತುವುದರಿಂದಲೇ ಆ ಕಿರಿಚಾಟ. ಹೊಸ ಗಾಡಿಯಲ್ಲಿ ಪ್ರತಿಯೊಂದು ಚೌಕಟ್ಟಿನ ಒಂದು ಅಚ್ಚು ತಿರುವನ್ನು ಅನುಸರಿಸಿ ತಾನೂ ಹೊರಳುತ್ತದೆ. ಅದರ ಮೋಟಾರಿನ ತಿರುಗುವ ಭಾಗದಲ್ಲಿ ಶಾಶ್ವತವಾದ ಅಯಸ್ಕಾಂತಗಳನ್ನು ಅಳವಡಿಸಿದ್ದಾರೆ. ಅಲ್ಲಿ ಅಯಸ್ಕಾಂತಶಕ್ತಿಯನ್ನು ಹುಟ್ಟಿಸಲು ಬೇರೆ ವಿದ್ಯುತ್ತು ವೆಚ್ಚವಾಗದ ಕಾರಣ ಮೋಟಾರು ಕಡಿಮೆ ಕಾಯುತ್ತದೆ. ಕಾಯದ ಯಂತ್ರವನ್ನು ಪೂರ್ಣವಾಗಿ ಮುಚ್ಚಿಡಬಹುದು. ಮುಚ್ಚಿದರೆ ಸದ್ದೂ ಅಡಗುತ್ತದೆ. ಹೀಗೆ ಒಂದು ಮಿತವ್ಯಯದಿಂದ ಇನ್ನೊಂದು ಸೌಖ್ಯವು ತಾನಾಗಿಯೇ ಒದಗಿತು.

ಈ ಹೊಸ ಗಾಡಿಯ ಮೈ ಅಲ್ಯೂಮಿನಿಯಮ್ಮಿನದು. 1984ರಿಂದ 2017ರವರೆಗೆ ಓಡಿದ ಇದರ ಹಿಂದಿನ ಗಾಡಿಯು ಅದೇ ಲೋಹದ ಬೆಳ್ಳಿಯ ಹೊಳಪಿನಲ್ಲಿ, ಬಣ್ಣದ ಪಟ್ಟೆಯನ್ನು ಮಾತ್ರ ಧರಿಸಿತ್ತು. ಹೊಸದಕ್ಕಾದರೋ ಮೈತುಂಬ ಹಳದಿಯ ತೆಳುಹಾಳೆಯನ್ನು ಹೊದಿಸಿ, 1927ರ ಅಜ್ಜನ ರೂಪವನ್ನೂ ‘1000’ ಎಂಬ ಅದೇ ಅಂಕೆಯನ್ನೂ ಕೊಟ್ಟರು. ಅಲ್ಲಿನ ರೈಲುಪ್ರೇಮಿಗಳ ಸಂಘವು 2013ರಲ್ಲಿ ತನ್ನ ‘ಬ್ಲೂ ರಿಬನ್’ ಪ್ರಶಸ್ತಿಯನ್ನು ಇದಕ್ಕಿತ್ತು ಗೌರವಿಸಿತು. ನಿವೃತ್ತವಾದ ಹಿಂದಿನ ಗಾಡಿಗಳಲ್ಲಿಯೂ ಕೆಲವು ಕುಮಾಮೊಟೊ ಎಂಬ ದೂರದ ಊರಿಗೆ ಹೋಗಿ ಅಲ್ಲಿ ಸೇವೆಗೆ ನಿಂತವು.

ಕೊನೆಯದಾಗಿ ಒಂದು ಸ್ವಾರಸ್ಯದ ಸಂಗತಿ. 2017ರಲ್ಲಿ, ಮಾರ್ಗಕ್ಕೆ 90 ವರ್ಷ ತುಂಬಿದಾಗ, ಹೊಸ ಗಾಡಿಗಳಲ್ಲಿ ಎರಡನ್ನು ಒಳಗೂ ಹಳೆಯ ಕಾಲದಂತೆಯೇ ಸಿಂಗರಿಸಿದರು. ವಿಶೇಷ ದಿನಗಳಲ್ಲಿ ಅವು ಓಡುವಾಗ ದೀಪಗಳು ಬೇಕೆಂತಲೇ ಆರಿ, ಗೋಡೆಯ ಸಣ್ಣ ದೀಪಗಳು ಬೆಳಗುತ್ತವೆ. ಯಾವ ಕೊರತೆಯನ್ನು ನೀಗಿಸಲು ಎಂಜಿನಿಯರರು ಶ್ರಮಪಟ್ಟರೋ ಅದನ್ನೇ ಜನರು ನೆನಪಿಗಾಗಿ ಬೇಡಿ ಪಡೆದರು. ಇದು ಹುಚ್ಚೆಂದು ನಗುವ ಮುನ್ನ, ಅಟ್ಟದ ಮೇಲಿರುವ ಅಜ್ಜಿಯ ಹಿತ್ತಾಳೆಯ ದೀಪವನ್ನು ದೀಪಾವಳಿಯಂದು ಕೆಳಗಿಳಿಸಿ, ಹುಣಿಸೆಹಣ್ಣಿನಿಂದ ತಿಕ್ಕಿ ಹಚ್ಚುವ ನಾವೂ ಒಮ್ಮೆ ಯೋಚಿಸಬೇಕು.